ಶೆಡ್ಡು ಉದ್ದವಾದ ಬಗೆ

ನಮ್ಮ ಮನೆಯ ದಕ್ಷಿಣದ ಗೋಡೆಗೆ ಒರಗಿಕೊಂಡಂತೆ 10 ಅಡಿ ಅಗಲ, 16 ಅಡಿ ಉದ್ದದ ಒಂದು ಶೆಡ್ಡು ಇದೆ. ಅಪ್ಪ ಅದನ್ನು 1994ರಲ್ಲಿ ತಮ್ಮ ಜೀಪಿಗೆಂದು ಕಟ್ಟಿಸಿದ್ದರು. ಕೊಡಗಿನ ನಾಪೋಕ್ಲುವಿನಿಂದ ಕಕ್ಕಬ್ಬೆಗೆ ಹೋಗುವ ರಸ್ತೆಯನ್ನು ಬಿಟ್ಟು ತೋಟದೊಳಗೆ ಬಂದರೆ, ಹಿಂದೆ ಎಂಟಡಿ ಎತ್ತರದ ಬರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ), ಮುಂದೆ ಅಂಗಳ, ನಡುವೆ ಹೆಂಚಿನ ಮನೆ, ಅದರ ಪಕ್ಕದಲ್ಲಿ ಜಿಂಕ್ ಶೀಟಿನ ಈ ಶೆಡ್ಡು ಕಾಣುತ್ತದೆ. ಜೀಪು ಹೋಗಿ ಆ ಜಾಗಕ್ಕೆ ಬೊಲೆರೊ ಬಂತು. ಮಗ ಕೊಂಡ ವ್ಯಾಗನ್ ಆರ್ ಮಾತ್ರ ಎರಡು ಮಳೆಗಾಲಗಳನ್ನು ಅಂಗಳದಲ್ಲಿ ಟಾರ್ಪಾಲಿನ ಅಡಿಯಲ್ಲಿಯೇ ಕಳೆಯಿತು. ಮೊದಲ ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಹಿಡಿಯಿತು. ಎರಡನೆಯದರಲ್ಲಿ ಇಲಿ ಬಾನೆಟ್ಟಿನೊಳಗೆ ಗೂಡು ಮಾಡಿ ವಯರುಗಳನ್ನು ಕಡಿದು ಹಾಕಿತು. ವಯರು ಬದಲಿಸಿದ ಬಿಲ್ಲು ಕೈಗೆ ಬಂದ ದಿನವೇ ನಾನು ಗೆರೆ ಕಾಗದ ತೆಗೆದುಕೊಂಡು ಕುಳಿತೆ.

ನಾನು ಇಂಜಿನಿಯರಲ್ಲ. ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಒಬ್ಬ ಕಂಟ್ರಾಕ್ಟರನ್ನು ಕರೆಸಿದಾಗ ಆತ ಟೇಪನ್ನು ಜೇಬಿನಿಂದ ತೆಗೆಯದೆಯೇ ಒಂದು ಮೊತ್ತ ಹೇಳಿದರು. ಅದು ಹೆಚ್ಚೋ ಕಡಿಮೆಯೋ ಎಂದು ನನಗೆ ತಿಳಿಯಲಿಲ್ಲ; ಅಳತೆಯಿಲ್ಲದೆ ಲೆಕ್ಕ ಹೇಗೆ ಹುಟ್ಟಿತು ಎಂಬುದಂತೂ ತಿಳಿಯಲೇ ಇಲ್ಲ. ಆದ್ದರಿಂದ ಯೋಜನೆಯನ್ನು ನಾನೇ ಹಾಕುವುದು, ಗುಂಡಿ, ಕಾಂಕ್ರೀಟು, ಬೋಲ್ಟು, ಶೀಟಿನ ಕೆಲಸವನ್ನು ನಾನೂ ಹೆಂಡತಿಯ ತಮ್ಮನೂ ಸೇರಿ ಮಾಡುವುದು, ವೆಲ್ಡಿಂಗನ್ನು ಮಾತ್ರ ವಿರಾಜಪೇಟೆಯಲ್ಲಿ ಮಾಡಿಸಿಕೊಂಡು ಬರುವುದು ಎಂದು ತೀರ್ಮಾನಿಸಿದೆ. ಆಗ ಜೂನ್ ತಿಂಗಳು. ಕೆಲಸ ಶುರುವಾಗುವುದಿದ್ದರೆ ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ. ಯೋಚಿಸುವುದಕ್ಕೆ ಎಂಟು ತಿಂಗಳು ಸಿಕ್ಕಿದ್ದು ಎಷ್ಟು ಒಳ್ಳೆಯದಾಯಿತು ಎಂಬುದು ಆಮೇಲೆ ಗೊತ್ತಾಯಿತು.

ಶೆಡ್ಡನ್ನು ದಕ್ಷಿಣಕ್ಕೆ 9 ಅಡಿ ಅಗಲಿಸಿ ಎರಡು ಗಾಡಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಮೊದಲ ನಕ್ಷೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಮಾಡಿನ, ಅಂದರೆ ಛಾವಣಿಯ, ಚಿತ್ರ ಬರೆಯಲು ಹೊರಟಾಗ ಅದು ಕೈಕೊಟ್ಟಿತು. ಹಳೆಯ ಶೀಟು ಮನೆಯ ಗೋಡೆಯ ಬಳಿ 11 ಅಡಿ ಎತ್ತರದಲ್ಲಿ ಶುರುವಾಗಿ, 10 ಅಡಿ ಅಗಲಕ್ಕೆ 3 ಅಡಿ ಇಳಿದು, ಹೊರಗಿನ ಗೋಡೆಯ ಮೇಲೆ 8 ಅಡಿಗೆ ಬಂದು ನಿಲ್ಲುತ್ತದೆ. ಅದೇ ಇಳಿಜಾರನ್ನು ಇನ್ನೊಂಬತ್ತು ಅಡಿ ಮುಂದುವರಿಸಿದರೆ ತುದಿಯ ಎತ್ತರ ಐದೂಕಾಲು ಅಡಿ. ಬೊಲೆರೊದ ಎತ್ತರ 1,880 ಮಿಲಿಮೀಟರು, ಅಂದರೆ ಆರಡಿ ಎರಡಿಂಚು; ವ್ಯಾಗನ್ ಆರ್ ಕೂಡ ಐದೂವರೆ ಅಡಿ. ನಾನೇ ಐದಡಿ ಏಳಿಂಚು ಇದ್ದೇನೆ. ಗಾಡಿಯೂ ಹೋಗದ, ಯಜಮಾನನೂ ಬಗ್ಗದೆ ಹೋಗಲಾಗದ ಶೆಡ್ಡು ಅದಾಗುತ್ತಿತ್ತು.

ಮೇಲಿನ ತುದಿಯನ್ನು ಎತ್ತರಿಸೋಣವೆಂದರೆ ಮನೆಯ ಹೆಂಚಿನ ಅಂಚು ಹನ್ನೊಂದೂವರೆ ಅಡಿಯಲ್ಲಿಯೇ ಇದೆ. ಇಳಿಜಾರನ್ನು ಕಡಿಮೆ ಮಾಡಿ 11 ಅಡಿಯಿಂದ ಏಳೂವರೆಗೆ ಇಳಿಸಿದರೆ ಸುಮಾರು ಹತ್ತು ಡಿಗ್ರಿ ಸಿಗುತ್ತದೆ. ಬಯಲುಸೀಮೆಯಲ್ಲಿ ಅದು ಧಾರಾಳವಾಯಿತು. ನಮ್ಮಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಗಾಳಿ ಮಳೆಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ. ಸಿಲ್ವರ್ ಓಕಿನ ಎಲೆ ಬಿದ್ದ ಕಡೆ ನೀರು ನಿಂತು ಶೀಟಿನ ಜೋಡಣೆಯೊಳಗೆ ನುಗ್ಗುತ್ತದೆ. ಹೊಸ ಭಾಗದ ಮಾಡನ್ನು ಎದುರು ದಿಕ್ಕಿಗೆ ಇಳಿಸಿ, ಎರಡೂ ಸೇರುವಲ್ಲಿ ಮಳೆನೀರು ಹರಿದುಹೋಗುವ ಒಂದು ತಗಡಿನ ದೋಣಿ ಕೂರಿಸುವುದು ಮೂರನೆಯ ದಾರಿ. ಮನೆಗೆ ಬಂದಿದ್ದ ಒಬ್ಬ ಎಸ್ಟೇಟಿನ ಹಳಬರು ಆ ನಕ್ಷೆಯನ್ನು ನೋಡಿ, "ಎರಡು ಕಾರಿನ ನಡುವೆ ಹೊಳೆ ಹರಿಸ್ತೀರಾ?" ಎಂದು ಕೇಳಿದರು. ದೋಣಿ ಮಾಡಿನ ಹೊರಗಿನ ಅಂಚಿನಲ್ಲಿದ್ದು ಉಕ್ಕಿದರೆ ನೀರು ಅಂಗಳಕ್ಕೆ ಬೀಳುತ್ತದೆ; ನಡುವೆ ಇದ್ದು ಉಕ್ಕಿದರೆ ಕಾರಿನ ಮೇಲೆಯೇ ಬೀಳುತ್ತದೆ. ಆ ಕಾಗದವನ್ನು ಅಲ್ಲಿಯೇ ಮಡಿಸಿಟ್ಟೆ.

ಆದರೂ ಅಗಲಿಸುವ ಆಸೆ ಪೂರ್ತಿ ಹೋಗಿರಲಿಲ್ಲ. ಅದನ್ನು ಬಿಡಿಸಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಬೆಳಗ್ಗೆಯಿಂದ ಕೊಡೆ ಹಿಡಿದು ಶೆಡ್ಡಿನ ಹಿಂದೆ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಬರೆಯ ಮೇಲಿನ ತೋಟದ ನೀರು ಎರಡು ಕಡೆಯಿಂದ ಇಳಿದು, ಶೆಡ್ಡಿನ ದಕ್ಷಿಣದ ಗೋಡೆಯಿಂದ ನಾಲ್ಕಡಿ ಆಚೆ ಅಪ್ಪ ತೋಡಿಸಿದ್ದ ಕಣಿಯಲ್ಲಿ ಸೇರಿ, ಅಂಗಳದ ಬದಿಯಿಂದ ಕೆಳಗಿನ ಗದ್ದೆಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಆ ಕಣಿ ಒಣ ಎಲೆ ತುಂಬಿದ ಒಂದು ಗೆರೆ, ಅಷ್ಟೇ. ಅಂದು ಅದರಲ್ಲಿ ಮೊಣಕಾಲು ಮಟ್ಟದ ಕೆಂಪು ನೀರು ಇತ್ತು. ನನ್ನ ನಕ್ಷೆಯಲ್ಲಿ ವ್ಯಾಗನ್ ಆರ್ ನಿಲ್ಲಬೇಕಾಗಿದ್ದದ್ದು ಸರಿಯಾಗಿ ಅದರ ಮೇಲೆ. ಕಣಿಯ ಮೇಲೆ ಸ್ಲ್ಯಾಬು ಹಾಕಬಹುದು, ಪೈಪು ಹೂಳಬಹುದು ಎಂದು ಹೇಳುವವರಿದ್ದಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡ ಬಿದ್ದದ್ದನ್ನೂ, ಮರುವರ್ಷ ತೋರ ಎಂಬ ಊರಿನಲ್ಲಿ ಹಾಗೆಯೇ ಆದದ್ದನ್ನೂ ಕಂಡ ಮೇಲೆ, ಬರೆಯಿಂದ ಇಳಿಯುವ ನೀರಿನ ದಾರಿಗೆ ಮುಚ್ಚಳ ಹಾಕುವ ಧೈರ್ಯ ನನಗಿಲ್ಲ. ಬರೆಯನ್ನು ಕಡಿದು ಹಿಂದಕ್ಕೆ ಜಾಗ ಮಾಡುವ ಮಾತನ್ನಂತೂ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಉಳಿದದ್ದು ಮುಂದಿನ ಅಂಗಳ, ಅಂದರೆ ಪೂರ್ವ. ಶೆಡ್ಡನ್ನು ಅಗಲಿಸದೆ ಅದೇ ಹತ್ತಡಿಯಲ್ಲಿ ಉದ್ದ ಮಾಡಿದರೆ ಮಾಡಿನ ಇಳಿಜಾರು ಬದಲಾಗುವುದಿಲ್ಲ, ನಡುವೆ ದೋಣಿ ಬೇಕಾಗುವುದಿಲ್ಲ, ಕಣಿಯನ್ನು ಮುಟ್ಟಬೇಕಾಗಿಲ್ಲ. ಇರುವ ತೊಂದರೆ ಒಂದೇ: ಗಾಡಿಗಳು ಒಂದರ ಹಿಂದೆ ಒಂದು ನಿಲ್ಲಬೇಕು. ಮಗ ದಿನವೂ ಬೆಳಗ್ಗೆ ಕಾರು ತೆಗೆಯುತ್ತಾನೆ; ಬೊಲೆರೊ ಸಂತೆಗೋ ಗೊಬ್ಬರ ತರಲಿಕ್ಕೋ ವಾರಕ್ಕೆ ಎರಡು ಸಲ ಹೊರಡುತ್ತದೆ. ಹಿಂದೆ ಬೊಲೆರೊ, ಮುಂದೆ ಕಾರು ಎಂದಾದರೆ ವಾರಕ್ಕೆ ಎರಡು ಸಲ ಕೀಲಿಕೈ ಹುಡುಕುವ ಕಷ್ಟ, ಅಷ್ಟೇ.

ಉದ್ದ ಎಷ್ಟು ಎಂಬುದನ್ನು ಕಾಗದದಲ್ಲಿ ತೀರ್ಮಾನಿಸದೆ ಅಂಗಳದಲ್ಲಿ ತೀರ್ಮಾನಿಸಿದೆವು. ಒಂದು ಬಿಸಿಲು ಬಂದ ದಿನ ಎರಡೂ ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ, ಸುತ್ತಲೂ ಹತ್ತಡಿ ಅಗಲಕ್ಕೆ ಕಾಫಿ ಗಿಡದ ಕೋಲುಗಳನ್ನು ನೆಟ್ಟು ತೆಂಗಿನ ಹಗ್ಗ ಕಟ್ಟಿದೆ. ಬೊಲೆರೊ 3,995 ಮಿಲಿಮೀಟರು ಉದ್ದ, 1,745 ಅಗಲ. ವ್ಯಾಗನ್ ಆರ್ 3,655 ಉದ್ದ. ಎರಡೂ ಸೇರಿ ಇಪ್ಪತ್ತೈದು ಅಡಿಯ ಮೇಲೆ ಒಂದಿಂಚು. ಹಗ್ಗದೊಳಗೆ ಎಲ್ಲವೂ ಚೆನ್ನಾಗಿ ಕೂತಂತೆ ಕಂಡಿತು. ಹೆಂಡತಿ ಜಗಲಿಯಿಂದ ಇಳಿದು ಬಂದು, ಬೊಲೆರೊದ ಬಾಗಿಲು ತೆರೆದು ಹಗ್ಗದ ಬಳಿ ನಿಂತಳು. "ಇಲ್ಲಿಂದ ತಲೆ ಮೇಲೆ ಮೂಟೆ ಇಟ್ಕೊಂಡು ಯಾರು ಹೋಗ್ತಾರೆ ರೀ? ನೀವೇ ಹೋಗಿ ತೋರಿಸಿ," ಎಂದಳು. ಗಾಡಿಯನ್ನು ನಡುವೆ ನಿಲ್ಲಿಸಿದರೆ ಎರಡೂ ಕಡೆ ಎರಡಡಿ ಚಿಲ್ಲರೆ ಉಳಿಯುತ್ತಿತ್ತು. ಯಾವ ಕಡೆಯಿಂದಲೂ ಹೋಗುವ ಹಾಗಿರಲಿಲ್ಲ. ಗಾಡಿಗಳನ್ನು ಮನೆಯ ಗೋಡೆಯ ಕಡೆಗೆ ಒತ್ತಿ ನಿಲ್ಲಿಸಿ, ಡ್ರೈವರ್ ಬಾಗಿಲಿನ ಕಡೆ ಪೂರ್ತಿ ಮೂರು ಅಡಿ ದಾರಿ ಬಿಡುವುದೆಂದು ಅಲ್ಲಿಯೇ ಗೊತ್ತುಮಾಡಿದೆವು.

ಕಾಫಿ ಮೂಟೆಗಳನ್ನೂ ಹಿಂಭಾಗದಲ್ಲಿ ಪೇರಿಸುವ ಯೋಚನೆ ನನಗಿತ್ತು. ಅದನ್ನೂ ಆಕೆಯೇ ತಳ್ಳಿಹಾಕಿದಳು. ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುವ ವಸ್ತು. ಪೆಟ್ರೋಲು, ಡೀಸೆಲ್ಲಿನ ಪಕ್ಕದಲ್ಲಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಇಟ್ಟರೆ ಖರೀದಿದಾರ ಮೂಸಿ ನೋಡಿ ಹೇಳಿಬಿಡುತ್ತಾನೆ. ಆದ್ದರಿಂದ ಗಾಡಿ, ಕಳೆ ಕೊಚ್ಚುವ ಮೆಷಿನ್ನು, ಔಷಧಿ ಹೊಡೆಯುವ ಪಂಪು, ಇಷ್ಟಕ್ಕೇ ಶೆಡ್ಡು ಮೀಸಲಾಯಿತು. ಮುಂದಕ್ಕೆ 18 ಅಡಿ ಎಂದು ಬರೆದುಕೊಂಡೆ.

ಆ 18 ಅಡಿ 14 ಆದದ್ದು ಮಣ್ಣಿನಿಂದ. ಇಳಿಜಾರಿನಲ್ಲಿ ಮನೆ ಕಟ್ಟುವವರೆಲ್ಲ ಹಿಂದೆ ಕಡಿದ ಮಣ್ಣನ್ನು ಮುಂದೆ ತುಂಬಿಸಿ ಅಂಗಳ ಮಾಡುತ್ತಾರೆ. ಅಪ್ಪನೂ ಹಾಗೆಯೇ ಮಾಡಿದ್ದರು. ತುಂಬಿಸಿದ ಮಣ್ಣು ಎಲ್ಲಿಂದ ಶುರುವಾಗುತ್ತದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ನಾಲ್ಕು ಕಡೆ ಪರೀಕ್ಷೆಯ ಗುಂಡಿ ತೋಡಿದೆ. ಹಳೆಯ ಶೆಡ್ಡಿನ ಬಳಿಯ ಎರಡರಲ್ಲಿ ಎರಡೂವರೆ ಅಡಿಗೇ ಹಾರೆ ಠಣ್ಣೆಂದು ನಿಂತಿತು. ಮುರಕಲ್ಲು ಬೆರೆತ ಗಟ್ಟಿ ಮಣ್ಣು. ಹದಿನೆಂಟು ಅಡಿ ದೂರದ ಆಗ್ನೇಯ ಮೂಲೆಯಲ್ಲಿ ಹಾರೆ ಸಲೀಸಾಗಿ ಇಳಿಯುತ್ತಲೇ ಹೋಯಿತು. ನಾಲ್ಕಡಿ ಆಳದಲ್ಲಿ ಅಂಗೈ ಅಗಲದ ಒಂದು ಮಂಗಳೂರು ಹೆಂಚಿನ ಚೂರು ಸಿಕ್ಕಿತು. ಮಣ್ಣು ಒರೆಸಿ ನೋಡಿದರೆ ಅರ್ಧ ಅಕ್ಷರವೊಂದು ಉಬ್ಬಿಕೊಂಡಿತ್ತು. ಅದರ ಕೆಳಗೂ ಮೆತ್ತನೆಯ ಮಣ್ಣೇ. ಮೂವತ್ತು ವರ್ಷ ಅದರ ಮೇಲೆ ಕಾಫಿ ಒಣಗಿಸಿ, ಜೀಪು ತಿರುಗಿಸಿ, ಮದುವೆಯ ಚಪ್ಪರ ಹಾಕಿ ಗಟ್ಟಿ ನೆಲವೆಂದು ತಿಳಿದಿದ್ದೆವು. ನಾಲ್ಕಡಿ ಹಿಂದೆ ಸರಿದು ತೋಡಿದಾಗ ಐದಡಿಯ ಹತ್ತಿರ ಗಟ್ಟಿ ಮಣ್ಣು ಸಿಕ್ಕಿತು. ಹದಿನಾಲ್ಕು ಅಡಿ ಸಾಕು ಎಂದುಕೊಂಡೆ: 16 ಮತ್ತು 14 ಸೇರಿ 30, ಗಾಡಿಗಳಿಗೆ 25, ಉಳಿದ ಐದಡಿಯನ್ನು ಹಿಂದೆ, ನಡುವೆ, ಮುಂದೆ ಹಂಚಿಕೊಳ್ಳುವುದು.

ಮಣ್ಣಿನ ಈ ವಿಷಯ ಗೊತ್ತಾದ ಮೇಲೆ ಬ್ಲಾಕಿನ ಗೋಡೆ ಕಟ್ಟುವ ಯೋಚನೆಯನ್ನೂ ಬಿಟ್ಟೆ. ಭಾರ ಕಡಿಮೆಯಿರಬೇಕು. ಮೂರು ಇಂಚಿನ ಚೌಕ ಪೈಪಿನ ಆರು ಕಂಬಗಳು, ಒಂದೊಂದರ ಕೆಳಗೂ ಎರಡೂವರೆ ಅಡಿ ಚೌಕದ ಕಾಂಕ್ರೀಟು ಪಾದ, ದಕ್ಷಿಣಕ್ಕೆ ಮಳೆಯ ಗಾಳಿಗೆ ತಡೆಯಾಗಿ ಶೀಟಿನ ಮರೆ, ಪೂರ್ವ ತೆರೆದೇ ಇರುವುದು ಎಂದಾಯಿತು. ನಾಪೋಕ್ಲುವಿನಲ್ಲಿ ನೆಲೆಸಿರುವ, ಕಣ್ಣೂರಿನ ಕಡೆಯ ಒಬ್ಬ ಮೇಸ್ತ್ರಿಯನ್ನು ಒಂದು ದಿನದ ಕೂಲಿ ಕೊಟ್ಟು, ಕೆಲಸಕ್ಕಲ್ಲದೆ ಸಲಹೆಗೆಂದೇ ಕರೆಸಿದೆ. ಈ ಇಡೀ ವ್ಯವಹಾರದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ. ಮನೆಯ ಕಡೆಯ ಮೂರು ಕಂಬಗಳ ಬದಲು ಗೋಡೆಗೇ ಆಂಗಲ್ ಹೊಡೆದು ಶೀಟು ಕೂರಿಸಬಹುದಲ್ಲ ಎಂದು ನಾನು ಕೇಳಿದಾಗ ಅವರು ತಲೆಯಾಡಿಸಿದರು.

"ಹಳೇ ಗೋಡೆ ಕೂರೋದೆಲ್ಲ ಕೂತಾಗಿದೆ ಸಾರ್. ಹೊಸದು ಇನ್ನು ಕೂರ್ಬೇಕು. ಎರಡನ್ನೂ ಸೇರಿಸಿ ಕಟ್ಟಿದ್ರೆ ನಡುವೆ ಸೀಳತ್ತೆ."

ಹಾಗಾಗಿ ಹೊಸ ಕಂಬಗಳು ಮನೆಯ ಗೋಡೆಯಿಂದ ಎರಡಿಂಚು ಬಿಟ್ಟು ತಮ್ಮ ಕಾಲಮೇಲೆ ತಾವೇ ನಿಂತಿವೆ. ಆ ಸಂದಿನಿಂದ ನೀರು ಇಳಿಯದಂತೆ ಒಂದು ಮಡಿಚಿದ ತಗಡನ್ನು ಗೋಡೆಯಲ್ಲಿ ಉದ್ದಕ್ಕೆ ಗೀರು ಕೊರೆದು ಕೂರಿಸಿ, ಅದರ ಕೆಳ ಅಂಚನ್ನು ಶೀಟಿನ ಮೇಲೆ ಅರ್ಧ ಅಡಿ ಸುಮ್ಮನೆ ಒರಗಿಸಿದ್ದೇವೆ. ತಗಡು ಗೋಡೆಗೆ ಮಾತ್ರ ಅಂಟಿದೆ, ಶೀಟಿಗೆ ಸ್ಕ್ರೂ ಹೊಡೆದಿಲ್ಲ. ಹೊಸ ಕಂಬ ಕಾಲಿಂಚು ಕುಸಿದರೂ ತಗಡು ಜಾರಿಕೊಂಡು ಸುಮ್ಮನಿರುತ್ತದೆ. ಹಳೆಯ ಗೋಡೆಯ ಪಕ್ಕದಲ್ಲಿ ತೋಡುವಾಗ ಅದರ ಸೈಜುಕಲ್ಲಿನ ತಳಪಾಯಕ್ಕಿಂತ ಕೆಳಗೆ ಹೋಗಕೂಡದೆಂದೂ ಮೇಸ್ತ್ರಿ ಎಚ್ಚರಿಸಿದರು. ಅದೃಷ್ಟಕ್ಕೆ ಆ ಕಡೆ ಗಟ್ಟಿ ಮಣ್ಣು ಮೇಲೆಯೇ ಇತ್ತು.

ಮಾಡಿನ ನೀರಿನ ಲೆಕ್ಕವನ್ನು ನಾನು ಖುಷಿಯಿಂದ ಮಾಡಿದೆ. ಮಾಡಿನ ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಶೆಡ್ಡಿನ ಶೀಟು ಸುಮಾರು 34 ಚದರ ಮೀಟರು. ಆದರೆ ಮನೆಯ ಹೆಂಚಿನ ಒಂದು ಮಗ್ಗುಲಿನ ನೀರೂ ಇದರ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅದು ಇನ್ನೊಂದು 36. ಒಟ್ಟು 70. ಕೊಡಗಿನಲ್ಲಿ ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವುದು ವಾಡಿಕೆ. ಒಂದಿಂಚು ಮಳೆಗೆ ನನ್ನ ಮಾಡಿನಿಂದ 1,778 ಲೀಟರು, ಅಂದರೆ ಇನ್ನೂರು ಲೀಟರಿನ ಡ್ರಮ್ಮು ಹೆಚ್ಚು ಕಡಿಮೆ ಒಂಬತ್ತು. ಆ ಜುಲೈಯ ಒಂದು ದಿನಕ್ಕೆ ನನ್ನ ಡೈರಿಯಲ್ಲಿ 7 ಇಂಚು 40 ಸೆಂಟು ಎಂದಿದೆ. ಹದಿಮೂರು ಸಾವಿರ ಲೀಟರು ದಾಟಿತು. ಗಂಟೆಗೆ ಎರಡಿಂಚು ಹೊಡೆದರೆ ಸೆಕೆಂಡಿಗೆ ಒಂದು ಲೀಟರು ದೋಣಿಯಲ್ಲಿ ಓಡಬೇಕು. ಹಳೆಯ ನಾಲ್ಕಿಂಚಿನ ದೋಣಿ ಏಕೆ ಪ್ರತಿ ವರ್ಷ ಉಕ್ಕುತ್ತಿತ್ತು ಎಂಬುದು ಅಂದು ಸ್ಪಷ್ಟವಾಯಿತು. ಆರಿಂಚಿನ ದೋಣಿ, ಮೂವತ್ತಡಿಗೆ ಎರಡಿಂಚು ಇಳಿತ, ಪೂರ್ವದ ತುದಿಯಲ್ಲಿ ನಾಲ್ಕಿಂಚಿನ ಪೈಪಿನ ಮೂಲಕ ನೇರ ಕಣಿಗೆ ಎಂದು ಬರೆದೆ. ಎಲೆ ತಡೆಯಲು ಜಾಲರಿ ಹಾಕಲಿಲ್ಲ. ಜಾಲರಿಯ ಮೇಲೆಯೇ ಎಲೆ ಚಾಪೆ ಹಾಸಿದಂತೆ ಕೂತು ನೀರು ದೋಣಿಯನ್ನು ಹಾರಿ ಹೋಗುವುದನ್ನು ಪಕ್ಕದ ತೋಟದ ಮನೆಯಲ್ಲಿ ನೋಡಿದ್ದೇನೆ.

ಪಂಚಾಯಿತಿಯ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೀಟಿನ ಶೆಡ್ಡಿಗೆ ಲೈಸೆನ್ಸ್ ಯಾಕೆ ಎಂದು ಹೇಳಿದವರು ಅನೇಕರು. ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣದಂತೆ ಕಟ್ಟಡ ಕಟ್ಟುವುದಕ್ಕೂ ಇರುವುದನ್ನು ವಿಸ್ತರಿಸುವುದಕ್ಕೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಆಸ್ತಿಯ ದಾಖಲೆಗಳಾದ ನಮೂನೆ 9 ಮತ್ತು 11, ಕಂದಾಯದ ರಶೀದಿ, ನನ್ನ ಕೈಬರಹದ ನಕ್ಷೆಯನ್ನು ತಿದ್ದಿ ಬರೆಸಿದ ಪ್ರತಿ, ಇಷ್ಟನ್ನು ಕೊಟ್ಟೆ. ಹಳೆಯ ಶೆಡ್ಡೇ ದಾಖಲೆಯಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಮೊದಲು ಸೇರಿಸಬೇಕಾಯಿತು. ನಾಲ್ಕು ಸಲ ಓಡಾಡಿದೆ. ಇನ್ನೊಂದು ಆಕ್ಷೇಪ ಹೆಂಡತಿಯ ಚಿಕ್ಕಪ್ಪನದು: ವಾಸ್ತುವಿನ ಪ್ರಕಾರ ಆಗ್ನೇಯ ಬೆಳೆಯಬಾರದಂತೆ. ಆಗ್ನೇಯ ಅಗ್ನಿಯ ಮೂಲೆ, ಅಲ್ಲಿ ಪೆಟ್ರೋಲು ಗಾಡಿ ನಿಂತರೆ ತಪ್ಪೇನು ಎಂದೆ. ಅವರು ಕಾಫಿ ಕುಡಿದು ಹೋದರು.

ಕೆಲಸಕ್ಕೆ ಕೈಹಾಕುವ ಮುಂಚೆ ಮನೆಯ ಕೋಣೆಯ ಒಂದು ಕಿಟಕಿಯ ವಿಷಯ ಉಳಿದಿತ್ತು. ಅದು ಹೊಸ ಮಾಡಿನ ಅಡಿಗೆ ಬರುತ್ತಿತ್ತು. ಬೆಳಕಿಗೆ ಎರಡು ಪಾರದರ್ಶಕ ಶೀಟು ಹಾಕಿದರೆ ಆಯಿತು. ಆದರೆ ಚಳಿಯಲ್ಲಿ ಇಂಜಿನ್ನು ಬಿಸಿ ಮಾಡುತ್ತ ನಿಂತರೆ ಹೊಗೆಯ ಕಾರ್ಬನ್ ಮೊನಾಕ್ಸೈಡು ಆ ಕಿಟಕಿಯಿಂದ ಒಳಗೆ ಬರುತ್ತದೆ, ಮತ್ತು ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿಯನ್ನು ತೆರೆಯಲಾಗದ ಗಾಜಾಗಿ ಬದಲಿಸಿ, ಕೋಣೆಗೆ ಪೂರ್ವದಲ್ಲಿ ಬೇರೆ ಕಿಟಕಿ ಒಡೆಸಿದೆವು. ದಕ್ಷಿಣದ ಮರೆಯ ಮೇಲೂ ಒಂದಡಿ ಸಂದು ಬಿಟ್ಟೆವು.

ಫೆಬ್ರವರಿಯ ಕೊನೆಯ ವಾರ ಹಗ್ಗ ಕಟ್ಟಿದಾಗ ಅಪ್ಪನ ಶೆಡ್ಡು ಮೂಲೆಮಟ್ಟದಲ್ಲಿಲ್ಲ ಎಂದು ತಿಳಿಯಿತು. ಒಂದು ಕರ್ಣ 18 ಅಡಿ 8 ಇಂಚು, ಇನ್ನೊಂದು 19 ಅಡಿ. ಆರು, ಎಂಟು, ಹತ್ತು ಅಡಿಯ ಹಗ್ಗದ ತ್ರಿಕೋನ ಹಿಡಿದು ಹೊಸ ಭಾಗವನ್ನು ನೇರ ಮಾಡಿದರೆ ಜೋಡಣೆಯಲ್ಲಿ ಮುರಿದಂತೆ ಕಾಣುತ್ತಿತ್ತು, ದೋಣಿಯೂ ಮುರಿಯುತ್ತಿತ್ತು. ಹಳೆಯ ಗೆರೆಯನ್ನೇ ಅನುಸರಿಸಿದೆವು. ಓರೆಯನ್ನೆಲ್ಲ ಪೂರ್ವದ ತುದಿಯ ಶೀಟಿನಲ್ಲಿ ಕತ್ತರಿಸಿ ಮುಗಿಸಿದೆವು. ಹೊರಗಿನ ಎರಡು ಗುಂಡಿಗಳನ್ನು ಐದೂವರೆ ಅಡಿಗೆ ಇಳಿಸುವಾಗ ಬದಿಯ ಮಣ್ಣು ಜರಿಯತೊಡಗಿದ್ದರಿಂದ ಹಲಗೆ ಆನಿಸಿ ತೋಡಿದೆವು. ಕಬ್ಬಿಣದ ಜಾಲ, ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ, ಬೋಲ್ಟುಗಳು ಅಲುಗಾಡದಂತೆ ಪ್ಲೈವುಡ್ಡಿನ ಅಚ್ಚು. ಹತ್ತು ದಿನ ನೀರು ಹಾಕಿದ್ದು ಹೆಂಡತಿ. ಮಾರ್ಚ್ ಕೊನೆಯಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದಾಗ ಕಂಬಗಳು ನಿಂತಿದ್ದವು.

ನನ್ನ ಲೆಕ್ಕ ತಪ್ಪಿದ್ದು ಶೀಟಿನಲ್ಲಿ. ಹಳೆಯದು ದುಂಡು ಅಲೆಯ ಜಿಂಕ್ ಶೀಟು. ಈಗ ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಚೌಕ ಏಣಿನದು. ಒಂದರ ಮೇಲೆ ಒಂದು ಕೂರುವುದಿಲ್ಲ. ಹಳೆಯ ಹದಿನಾರು ಅಡಿಯ ಶೀಟನ್ನೂ ತೆಗೆದು ಪೂರ್ತಿ ಮೂವತ್ತಡಿಗೆ ಹೊಸದನ್ನೇ ಹಾಕಬೇಕಾಯಿತು. 1,60,000 ಎಂದು ಬರೆದಿದ್ದ ಅಂದಾಜು 1,91,350ಕ್ಕೆ ನಿಂತಿತು. ಹೆಚ್ಚಾದದ್ದರಲ್ಲಿ ಮುಕ್ಕಾಲು ಪಾಲು ಇದೇ. ಶೀಟಿನ ಒಂದು ಚೂರನ್ನು ಜೂನ್ ತಿಂಗಳಲ್ಲಿಯೇ ಅಂಗಡಿಗೆ ಒಯ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಶೀಟಿಗೆ ಸ್ಕ್ರೂವನ್ನು ಏಣಿನ ಮೇಲೆ ಹೊಡೆಯಬೇಕೇ ಹೊರತು ನೀರು ಹರಿಯುವ ತಗ್ಗಿನಲ್ಲಿ ಹೊಡೆಯಬಾರದು ಎಂದು ಮೇಲೆ ಹತ್ತಿದ್ದ ಭಾವಮೈದುನನಿಗೆ ನಾನು ಕೆಳಗಿನಿಂದ ಮೂರು ಸಲ ಕೂಗಿ ಹೇಳಿದ್ದೆ. ಕೊನೆಯ ಸಾಲು ಉಳಿದಾಗ ಅವನಿಗೆ ಬೆನ್ನು ಹಿಡಿಯಿತೆಂದು ನಾನೇ ಹತ್ತಿದೆ. ಜೂನ್ ಮೊದಲ ವಾರ ಮಳೆ ಹಿಡಿದ ರಾತ್ರಿ ಇಬ್ಬರೂ ಟಾರ್ಚು ಹಿಡಿದು ಶೆಡ್ಡಿನೊಳಗೆ ನಿಂತೆವು. ದೋಣಿ ಉಕ್ಕಲಿಲ್ಲ, ಗೋಡೆಯ ತಗಡಿನ ಕೆಳಗೆ ಒಣಗಿಯೇ ಇತ್ತು. ವ್ಯಾಗನ್ ಆರಿನ ಬಾನೆಟ್ಟಿನ ಮೇಲೆ ಮಾತ್ರ ಒಂದೇ ಕಡೆ ಹನಿ ಬೀಳುತ್ತಿತ್ತು. ಅವನು ಟಾರ್ಚನ್ನು ಮೇಲಕ್ಕೆ ಹಿಡಿದು ಸಾಲು ಎಣಿಸಿದ. "ಭಾವ, ಇದು ನಿಮ್ಮ ಸಾಲು," ಎಂದ.

ಅಂದಿನಿಂದ ಎರಡು ಬಿಸಿಲು ದಿನಗಳಿಗಾಗಿ ಕಾದಿದ್ದೇನೆ. ಅಲ್ಲಿಯವರೆಗೆ ಆ ಹನಿಯ ಕೆಳಗೆ ಹಾಲಿನ ಹಳೆಯ ಕ್ಯಾನೊಂದನ್ನು ಇಟ್ಟು, ಕಾರನ್ನು ಒಂದಡಿ ಹಿಂದಕ್ಕೆ ನಿಲ್ಲಿಸುತ್ತಿದ್ದೇವೆ.